ಟಾರ್ಪಾಲಿನ ಇನ್ನೊಂದು ತುದಿ

ನೀಲಿ ಟಾರ್ಪಾಲನ್ನು ಎಳೆದಾಗ ಅದರಡಿ ಇದ್ದದ್ದು ಎರಡು ಸಾಲು ಒಣಮೀನು, ಆ ಸಾಲುಗಳ ನಡುವೆ ಒಂದು ಹನಿಯೂ ತಾಗದೆ ಬೆಚ್ಚಗೆ ಕೂತಿದ್ದ ಉಪಗ್ರಹದ ಡಿಶ್. ಡಿಶ್ ಯೋಜನೆಯ ಮುಖ್ಯಸ್ಥ ರೋಡೆಲ್ ಸರ್ ಟಾರ್ಪಾಲನ್ನು ಕೈಯಲ್ಲೇ ಹಿಡಿದುಕೊಂಡು ಮೊದಲು ಡಿಶ್ ನೋಡಿದರು, ಆಮೇಲೆ ಮೀನು ನೋಡಿದರು. ಸೆಬು ನಗರದಿಂದ ಬಸ್ಸು, ಹಡಗು, ಕೊನೆಗೆ ಸಣ್ಣ ದೋಣಿ ಅಂತ ಒಂಬತ್ತು ಗಂಟೆ ಪ್ರಯಾಣ ಮಾಡಿ, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಅವರು ಹುಡುಕಲು ಬಂದಿದ್ದ ದೋಷ ಇದೇ ಆಗಿತ್ತು.

"ಯಾರು ಇದನ್ನ ಮುಚ್ಚಿದ್ದು?"

"ನಾನೇ," ಎಂದಳು ಪಾಸಿಂಗ್ ಅಜ್ಜಿ, ಹೊಗಳಿಕೆಗೆ ಕಾದು ನಿಂತವಳ ಹಾಗೆ. "ಬೆಳಗ್ಗೆ ನಾಲ್ಕು ಹನಿ ಬಿತ್ತಲ್ಲ. ಮಂಗಳವಾರ, ಗುರುವಾರನೂ ನಾನೇ ಮುಚ್ಚಿದ್ದು. ಪಾಪ, ಹೊಸಾ ಸಾಮಾನು. ನೆಂದು ಹಾಳಾದ್ರೆ?"

ಪಕ್ಕದಲ್ಲಿದ್ದ ಅವರ ಎಂಜಿನಿಯರ್ ಡೆಲಿಸಾ ನಗು ಬಾರದಂತೆ ತುಟಿ ಕಚ್ಚಿಕೊಂಡಳು. ನಾಲ್ಕು ದಿನದಿಂದ ಅವಳೂ ಕಂಪ್ಯೂಟರಿನ ಮುಂದೆ ಕೂತು ತಲೆ ಕೆಡಿಸಿಕೊಂಡಿದ್ದಳು. ಏಳು ದಿನದ ಪರೀಕ್ಷೆಯಲ್ಲಿ ಎರಡು ಸಲ ಡಿಶ್‌ನ ಸಂಪರ್ಕ ಮುಕ್ಕಾಲು ಗಂಟೆ ಕಡಿದುಹೋಗಿತ್ತು. ಆಕಾಶಕ್ಕೆ ಏನೋ ಅಡ್ಡ ಬಂದಿದೆ ಎಂದು ಯಂತ್ರ ಹೇಳುತ್ತಿತ್ತು. ಅವಳು ತೆಂಗಿನ ಗರಿಯನ್ನು ಬೈದಿದ್ದಳು, ಮೋಡವನ್ನು ಬೈದಿದ್ದಳು. ಹುಟ್ಟಿದಾಗಿನಿಂದ ಟಾರ್ಪಾಲು ಎಳೆದು ಬೆಳೆದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಈಗ ತನ್ನ ಮೇಲೇ ನಾಚಿಕೆಯಾಯಿತು.

ನಮ್ಮ ಲಿಮೊಕೊನ್ ದ್ವೀಪದಲ್ಲಿ ತೆಂಗಿನ ಮರವಿಲ್ಲದ ಜಾಗ ಎಂದರೆ ಬಾಸ್ಕೆಟ್‌ಬಾಲ್ ಅಂಗಳ ಒಂದೇ. ಬಿಸಿಲು ಪೂರ್ತಿ ಬೀಳುವುದು ಅಲ್ಲೇ. ಆದ್ದರಿಂದ ಸೀಳಿ, ಉಪ್ಪು ಹಚ್ಚಿದ ಮೀನು ಒಣಗುವುದೂ ಅಲ್ಲೇ, ಆಟಗಾರರು ಸಂಜೆ ಮೀನು ಎತ್ತುವ ತನಕ ಕಾಯಬೇಕು. ಮಳೆ ಬಂತು ಎಂದು ಯಾರಾದರೂ ಕೂಗಿದರೆ ಸಾಕು, ಊಟ ಮಾಡುತ್ತಿದ್ದವರೂ ಎದ್ದು ಓಡಿ ಬರುತ್ತಾರೆ. ಹತ್ತಿರದಲ್ಲಿ ಯಾರ ಮೀನು ಇದೆಯೋ ಅದನ್ನು ಮುಚ್ಚುವುದು, ಯಾರದ್ದೆಂದು ಕೇಳುವ ಹಾಗಿಲ್ಲ. ಟಾರ್ಪಾಲು ದೊಡ್ಡದು, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. "ಆ ತುದಿ ಹಿಡಿ" ಎಂದು ಯಾರಾದರೂ ಕರೆದರೆ ಹಿಡಿಯಲೇಬೇಕು. ಬೇಲಿ ಜಗಳದಲ್ಲಿ ಆರು ವರ್ಷ ಮಾತು ಬಿಟ್ಟಿದ್ದ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಟಾರ್ಪಾಲಿನ ಎರಡು ತುದಿ ಹಿಡಿದದ್ದನ್ನು ಇಡೀ ಊರು ಕಂಡಿದೆ.

ಡಿಶ್ ಇಡಲು ಬಂದ ಕೆಲಸಗಾರರಿಗೆ ಇದೆಲ್ಲ ಏನು ಗೊತ್ತು? ಮಧ್ಯಾಹ್ನದ ದೋಣಿ ತಪ್ಪಬಾರದೆಂಬ ಅವಸರದಲ್ಲಿ, ಆರೋಗ್ಯ ಕೇಂದ್ರದಿಂದ ತಂತಿ ಎಷ್ಟು ದೂರ ಬಂತೋ ಅಷ್ಟು ದೂರದಲ್ಲಿ, ಅಜ್ಜಿಯ ಎರಡು ಬಿದಿರು ತಟ್ಟಿಗಳ ನಡುವೆ ಮೊಣಕಾಲೆತ್ತರದ ಕಾಲಿನ ಮೇಲೆ ಅದನ್ನು ನೆಟ್ಟು ಹೋಗಿದ್ದರು.

"ಇವತ್ತಿಂದ ಈ ಅಂಗಳದಲ್ಲಿ ಮೀನು ಬಂದ್," ಎಂದರು ರೋಡೆಲ್ ಸರ್. "ಸುತ್ತ ಬೇಲಿ ಹಾಕಿಸ್ತೀನಿ."

ಅಜ್ಜಿ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ತಮ್ಮಾ, ಮುಖ ಬಿಳಚಿಕೊಂಡಿದೆ. ಮೊದಲು ಏನಾದ್ರೂ ತಿನ್ನು. ಬೇಲಿ ಆಮೇಲೆ ಹಾಕುವಿಯಂತೆ."

ಅಜ್ಜಿಯ ಮನೆಯಲ್ಲಿ ಅವರು ಹುರಿದ ಒಣಮೀನು, ಬೆಳ್ಳುಳ್ಳಿ ಅನ್ನ, ತೆಂಗಿನ ಹುಳಿಯನ್ನು ಎರಡು ತಟ್ಟೆ ತಿಂದರು. ಮೀನು ಯಾವ ಅಂಗಳದ್ದು ಎಂದು ಅಜ್ಜಿ ಎತ್ತಿ ಆಡಲಿಲ್ಲ. ಅಷ್ಟು ಮರ್ಯಾದೆ ನಮ್ಮವರಿಗಿದೆ.

ಊಟವಾದ ಮೇಲೆ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕೂತು ರೋಡೆಲ್ ಸರ್ ಚೀಲದಿಂದ ಒಂದು ಹಾಳೆ ತೆಗೆದರು. ಹತ್ತು ಗಂಟೆಗೆ ಆಚೆ ದಡದ ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ತಬೋಡಾ ಮತ್ತು ಇಬ್ಬರು ಅಧಿಕಾರಿಗಳು ವೀಡಿಯೊ ಕರೆಯಲ್ಲಿ ಬರುವವರಿದ್ದರು. ಅವರೆದುರು ಕೊನೆಯ ಪ್ರದರ್ಶನ. ಅದಾದ ಮೇಲೆ ಸ್ಥಳದಲ್ಲಿದ್ದ ಎಂಜಿನಿಯರ್ ಎಂದು ಡೆಲಿಸಾ ಸಹಿ ಹಾಕಬೇಕು. ಹಾಳೆಯಲ್ಲಿ ಎರಡೇ ಮುಖ್ಯ ಸಾಲು: ಉಪಗ್ರಹದ ಸಂಪರ್ಕ ಏಳು ದಿನ ತಡೆಯಿಲ್ಲದೆ ನಡೆದಿದೆ, ಮೊಬೈಲ್ ದಾರಿಯನ್ನು ತೆಗೆದುಹಾಕಲಾಗಿದೆ.

"ತಡೆ ಇಲ್ಲದೆ ನಡೀಲಿಲ್ಲವಲ್ಲ ಸರ್."

"ಟಾರ್ಪಾಲು ಹೊದಿಸಿದ್ದು ತಡೆ ಅಲ್ಲ. ತಮಾಷೆ."

"ಮೊಬೈಲ್ ದಾರೀನೂ ನಾನು ತೆಗೆದಿಲ್ಲ."

"ಹತ್ತಕ್ಕೆ ಮುಂಚೆ ತೆಗಿ. ಐದು ನಿಮಿಷದ ಕೆಲಸ, ನಿಂಗೆ ಗೊತ್ತು."

ಐದು ನಿಮಿಷವೂ ಬೇಡವಾಗಿತ್ತು. ಕಟ್ಟಲು ಮಾತ್ರ ಎರಡು ವರ್ಷ ಹಿಡಿದಿತ್ತು. ಬಾಸ್ಕೆಟ್ ಕಂಬದ ಹಲಗೆಯ ನೆತ್ತಿಗೆ ಕಟ್ಟಿದ ಒಂದು ಐಸ್‌ಕ್ರೀಂ ಡಬ್ಬಿ ಇದೆ. ನಮ್ಮಲ್ಲಿ ಅಂಥ ಡಬ್ಬಿಯಲ್ಲಿ ಐಸ್‌ಕ್ರೀಂ ಇರುವುದು ಒಂದು ದಿನ, ಆಮೇಲೆ ಜೀವಮಾನವಿಡೀ ಒಣಮೀನು. ಈ ಒಂದು ಡಬ್ಬಿಯಲ್ಲಿ ಮಾತ್ರ ಡೆಲಿಸಾಳ ಹಳೇ ಫೋನು ಇದೆ. ದ್ವೀಪದಲ್ಲಿ ಆಚೆ ದಡದ ಗೋಪುರದ ಸಿಗ್ನಲ್ ಗಟ್ಟಿಯಾಗಿ ಸಿಗುವುದು ಆ ನೆತ್ತಿಯಲ್ಲಿ ಮಾತ್ರ, ಎರಡು ಗೆರೆ, ಅದೃಷ್ಟವಿದ್ದರೆ ಮೂರು. ನರ್ಸ್ ಕೊರಾ ಗರ್ಭಿಣಿಯರನ್ನು ಪರೀಕ್ಷಿಸಿ ಕಂಪ್ಯೂಟರಿನಲ್ಲಿ ಬರೆದದ್ದನ್ನು ಡೆಲಿಸಾಳ ಸಾಫ್ಟ್‌ವೇರ್ ಒಂದೇ ಸಾಲಿಗೆ ಹಿಂಡಿ, ಆ ಫೋನಿನಿಂದ ಮೆಸೇಜು ಮಾಡಿ ಆಚೆ ದಡದ ಡಾಕ್ಟರಿಗೆ ಮುಟ್ಟಿಸುತ್ತಿತ್ತು. ಡಿಶ್ ಬಂದ ಮೇಲೆ ಅವಳು ಸಣ್ಣ ಬದಲಾವಣೆ ಮಾಡಿದ್ದಳು: ಮೊದಲು ಡಿಶ್‌ನ ಬಾಗಿಲು ತಟ್ಟುವುದು, ಒಂದು ನಿಮಿಷ ಕಾಯುವುದು, ಉತ್ತರವಿಲ್ಲದಿದ್ದರೆ ಡಬ್ಬಿಗೆ ಓಡುವುದು.

"ಡೆಲಿಸಾ, ನೀನು ಬುದ್ಧಿವಂತೆ," ಎಂದರು ರೋಡೆಲ್ ಸರ್, ದನಿ ತಗ್ಗಿಸಿ. "ಹನ್ನೊಂದು ದ್ವೀಪ. ನನ್ನ ಹತ್ರ ಇರೋದು ಐದು ಜನ. ಎರಡು ದಾರಿ ಇಟ್ಕೊಂಡ್ರೆ ಒಂದೊಂದು ತಪ್ಪನ್ನೂ ಎರಡೆರಡು ಕಡೆ ಹುಡುಕ್ಬೇಕು. ಒಂದೇ ದಾರಿ, ಅಚ್ಚುಕಟ್ಟು ಕೆಲಸ ಅಂತ ಹೇಳಿ ಈ ಯೋಜನೆ ತಂದಿದ್ದೀನಿ. ಇದು ಕೈತಪ್ಪಿದ್ರೆ ಆ ಐದು ಜನಕ್ಕೆ ಏನು ಹೇಳ್ಲಿ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮನುಷ್ಯ ಕೆಟ್ಟವರೂ ಅಲ್ಲ. ಊರು ಬಿಡದೆ ಕೆಲಸ ಮಾಡುತ್ತೇನೆ ಎಂದ ಹುಡುಗಿಯನ್ನು ನಂಬಿ ಕೆಲಸ ಕೊಟ್ಟವರು ಅವರೇ. ಅದಕ್ಕೇ ಡೆಲಿಸಾಗೆ ಸಂಕಟವಾಯಿತು. ಬೈಯುವ ಮಾಲೀಕನಾಗಿದ್ದರೆ ಎದುರು ಮಾತು ಸುಲಭವಾಗಿ ಬರುತ್ತಿತ್ತು.

"ಡಿಶ್ ಬೇಡ ಅಂತ ನಾನೆಲ್ಲಿ ಹೇಳಿದೆ ಸರ್? ಅದರ ಮುಂದೆ ನನ್ನ ಫೋನು ಕುಂಟ್ಕೊಂಡು ಹೋಗುತ್ತೆ. ಆದ್ರೆ ಹೋಗುತ್ತೆ. ಬಿರುಗಾಳಿ ಬಂದು ಡಿಶ್ ಹಾರಿಹೋದ್ರೆ ಅವತ್ತು ಕೊರಾ ಸಿಸ್ಟರ್ ಏನು ಮಾಡ್ಬೇಕು?"

"ಹೊಸಾ ಡಿಶ್ ಕಳಿಸ್ತೀವಿ."

"ಎಷ್ಟು ದಿನಕ್ಕೆ?"

ರೋಡೆಲ್ ಸರ್ ಡಬ್ಬಿಯ ಕಡೆ ಕೈ ತೋರಿಸಿದರು. "ಅಧಿಕಾರಿಗಳು ಅದನ್ನ ಕಂಡ್ರೆ ನಗ್ತಾರೆ. ಇಪ್ಪತ್ತು ಮನೆಯವರು ಸೇರಿ ನಡೆಸೋ ಒಣಮೀನು ವ್ಯಾಪಾರ ಅಲ್ಲ ಇದು."

"ನಗಲಿ," ಎಂದಳು ಡೆಲಿಸಾ.

ಮೂರು ವರ್ಷದ ಹಿಂದೆ ಅವಳ ಅಕ್ಕ ಸೆಲಿಯಾಗೆ ಎಂಟನೇ ತಿಂಗಳಲ್ಲಿ ಬಿ.ಪಿ. ಏರಿ ಕಣ್ಣು ಮಂಜಾಗಿತ್ತು. ಅವರಮ್ಮ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಇಡೀ ದಡ ಅಲೆದಿದ್ದಳು. ಕೊನೆಗೆ ಸಿಗ್ನಲ್ ಸಿಕ್ಕಿದ್ದು ಬಾಸ್ಕೆಟ್ ಕಂಬದ ಬುಡದಲ್ಲಿ ಕುರ್ಚಿ ಹಾಕಿ ನಿಂತಾಗ. ಅಕ್ಕ ಉಳಿದಳು, ಕೂಸು ಉಳಿಯಲಿಲ್ಲ. ಡೆಲಿಸಾ ತನ್ನ ಸಾಫ್ಟ್‌ವೇರನ್ನು ಬರೆಯಲು ಶುರು ಮಾಡಿದ್ದು ಆ ಕುರ್ಚಿಯ ಮೇಲೆ ನಿಂತು, ಎಷ್ಟು ಎತ್ತರಕ್ಕೆ ಸಿಗ್ನಲ್ಲಿನ ಎಷ್ಟು ಗೆರೆ ಬರುತ್ತದೆ ಎಂದು ಬರೆದುಕೊಂಡು. ರೋಡೆಲ್ ಸರ್‌ಗೆ ಈ ಕಥೆ ಗೊತ್ತಿತ್ತು. ಯೋಜನೆಯ ಮೊದಲ ಪುಟದಲ್ಲಿ ಅವರೇ ಅದನ್ನು ಹೆಸರು ಬದಲಿಸಿ ಹಾಕಿದ್ದರು.

ಹತ್ತು ಗಂಟೆಗೆ ಪರದೆಯ ಮೇಲೆ, ಅಧಿಕಾರಿಗಳಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಾಕ್ಟರ್ ತಬೋಡಾ ಕಾಣಿಸಿಕೊಂಡರು. ಚಿತ್ರ ಎಷ್ಟು ಸ್ವಚ್ಛವಾಗಿತ್ತೆಂದರೆ ಅವರ ಮೇಜಿನ ಮೇಲಿದ್ದ ಬಾಳೆಹಣ್ಣಿನ ಚುಕ್ಕೆ ಕೂಡ ಎಣಿಸಬಹುದಿತ್ತು. ರೋಡೆಲ್ ಸರ್ ಮುಖದಲ್ಲಿ ರಕ್ತ ಮರಳಿ ಬಂತು. "ನೋಡಿ ಮೇಡಂ, ಒಂದೇ ಕೋಣೇಲಿ ಕೂತು ಮಾತಾಡಿದ ಹಾಗಿದೆ," ಎಂದರು. ನಿಜವಾಗಿಯೂ ಹಾಗೇ ಇತ್ತು. ಡೆಲಿಸಾಗೂ ಒಂದು ಗಳಿಗೆ ಇದೊಂದೇ ಸಾಕೇನೋ ಎಂಬ ಆಸೆ ಹುಟ್ಟಿತು.

ಪ್ರದರ್ಶನಕ್ಕೆಂದು ರೋಡೆಲ್ ಸರ್ ಒಂದು ಸುಳ್ಳು ಹೆಸರು, ಸುಳ್ಳು ಬಿ.ಪಿ. ಬರೆದುಕೊಂಡು ಬಂದಿದ್ದರು. ನರ್ಸ್ ಕೊರಾ ಆ ಚೀಟಿಯನ್ನು ವಾಪಸು ಕೊಟ್ಟಳು. "ನಿಜವಾದವಳೇ ಹೊರಗೆ ಕೂತಿದಾಳೆ ಸರ್. ಜೋವಿ. ಬೆಳಗ್ಗಿಂದ ತಲೆನೋವು ಅಂತಿದಾಳೆ."

ಎಂಟು ತಿಂಗಳ ಜೋವಿ ಊದಿದ ಪಾದಗಳನ್ನು ಎಳೆದುಕೊಂಡು ಒಳಗೆ ಬಂದು ಕೂತಳು. ಕೊರಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಳು, ಬಿಟ್ಟಳು, ಮತ್ತೆ ಹಾಕಿದಳು. ಎರಡನೇ ಸಲ ಹಾಕಿದ್ದು ನೋಡಿ ಡೆಲಿಸಾ ಯಂತ್ರದ ಮುಳ್ಳಿನ ಕಡೆ ಬಗ್ಗಿದಳು. ನೂರ ಅರವತ್ತೆಂಟು, ನೂರ ಹನ್ನೆರಡು. ಕೊರಾ ಅದನ್ನು ಬರೆಯಲು ಶುರು ಮಾಡುತ್ತಿದ್ದಂತೆ ಹೊರಗಿನಿಂದ ಕೂಗು ಬಂತು.

"ಮಳೆ! ಮಳೆ ಬಂತೋ!"

ಡೆಲಿಸಾಳ ಕಾಲು ತಾನಾಗಿ ಹೊರಗೆ ಓಡಿತು. ರೋಡೆಲ್ ಸರ್ ಅವಳಿಗಿಂತ ಮುಂಚೆ ಓಡಿದರು.

ಅಂಗಳದ ತುಂಬ ಜನ. ಕಡಲಿನ ಕಡೆಯಿಂದ ಮಳೆ ಗೋಡೆಯಂತೆ ಬರುತ್ತಿತ್ತು. ಪಾಸಿಂಗ್ ಅಜ್ಜಿ ತನ್ನ ಉದ್ದನೆಯ ಟಾರ್ಪಾಲಿನ ಒಂದು ಮೂಲೆಯನ್ನು ಕಲ್ಲಿಗೆ ಸಿಕ್ಕಿಸಿ ಉಳಿದದ್ದನ್ನು ಬಿಚ್ಚುತ್ತಿದ್ದಳು. ರೋಡೆಲ್ ಸರ್ ಡಿಶ್‌ನ ಮುಂದೆ ಕೈ ಅಗಲಿಸಿ ನಿಂತುಬಿಟ್ಟರು.

"ಇದನ್ನ ಬಿಟ್ಟು ಮುಚ್ಚಿ! ಆ ಕಡೆ ಮುಚ್ಚಿ, ಈ ಕಡೆ ಮುಚ್ಚಿ, ಇದನ್ನ ಬಿಡಿ!"

"ಇರೋದು ಒಂದೇ ಟಾರ್ಪಾಲು ತಮ್ಮಾ! ನಡುವೆ ಕತ್ತರಿಸ್ಲಾ?"

"ಮೀನು ನೆಂದ್ರೆ ನೆನೀಲಿ ಅಜ್ಜಿ, ಅರ್ಧ ಗಂಟೆ!"

ಅಜ್ಜಿ ತಿರುಗಿ ನೋಡಿದ ನೋಟವನ್ನು ಅಂಗಳದಲ್ಲಿದ್ದ ನಾವು ಯಾರೂ ಮರೆಯುವುದಿಲ್ಲ. ನಾಲ್ಕು ದಿನದ ಮೀನು, ಮೂರು ಮನೆಗಳ ಪಾಲು. ಉಪ್ಪು ಹಚ್ಚಿ ಅರೆ ಒಣಗಿದ ಮೀನಿನ ಮೇಲೆ ಮಳೆ ಬಿದ್ದರೆ ಹುಳ ಬೀಳುತ್ತದೆ, ಮತ್ತೆ ಅದು ಗೊಬ್ಬರಕ್ಕೇ. ಅವಳು ವಾದಕ್ಕೆ ನಿಲ್ಲಲಿಲ್ಲ. ರೋಡೆಲ್ ಸರ್ ಹೆಗಲ ಮೇಲಿಂದ ದೃಷ್ಟಿ ಹಾಯಿಸಿ ಕೂಗಿದಳು.

"ಡೆಲೀ! ಆ ತುದಿ ಹಿಡಿ!"

ಮೊದಲ ಹನಿಗಳು ಸಿಮೆಂಟಿನ ಮೇಲೆ ಬಿದ್ದವು. ಒಳಗೆ ಪರದೆಯ ಮೇಲೆ ಡಾಕ್ಟರ್ ಇನ್ನೂ ಕೂತಿದ್ದರು.

"ಅದನ್ನ ಮುಟ್ಟಿದ್ರೆ ನೀನು ಯೋಜನೆಯಲ್ಲಿ ಇರಲ್ಲ," ಎಂದರು ರೋಡೆಲ್ ಸರ್. ಕೂಗಲಿಲ್ಲ, ಬೇಡಿಕೊಳ್ಳುವವರ ಹಾಗೆ ಹೇಳಿದರು. "ಡೆಲಿಸಾ, ಬೇಡ. ಜೋವಿಯ ನಂಬರು ಇನ್ನೂ ಹೋಗಿಲ್ಲ."

"ಹೋಗುತ್ತೆ ಸರ್. ಹಳೇ ದಾರಿ ನಾನು ತೆಗೆದಿಲ್ಲ. ತೆಗೆಯೋದೂ ಇಲ್ಲ."

ಅವಳು ಬಗ್ಗಿ ಟಾರ್ಪಾಲಿನ ತುದಿ ಹಿಡಿದಳು. ಅಜ್ಜಿ ಅತ್ತ ಎಳೆದಳು, ಇವಳು ಇತ್ತ ಎಳೆದಳು. ನೀಲಿ ಟಾರ್ಪಾಲು ಗಾಳಿಗೆ ಉಬ್ಬಿ ಎದ್ದು ಮೀನಿನ ಮೇಲೆ, ಡಿಶ್‌ನ ಮೇಲೆ, ಒಂದು ಕ್ಷಣ ರೋಡೆಲ್ ಸರ್ ತಲೆಯ ಮೇಲೂ ಇಳಿಯಿತು. ಅವರು ಅದರಡಿಯಿಂದ ಕೂದಲು ಕೆದರಿಕೊಂಡು ಹೊರಬರುವಷ್ಟರಲ್ಲಿ ಮಳೆ ಧೋ ಎಂದು ಸುರಿಯತೊಡಗಿತ್ತು. ಒಳಗೆ ಡಾಕ್ಟರ ಚಿತ್ರ ಬಾಯಿ ತೆರೆದ ಹಾಗೇ ನಿಂತುಹೋಯಿತು, ಆಮೇಲೆ ಪರದೆ ಕಪ್ಪಾಯಿತು.

ಎಲ್ಲರೂ ಆರೋಗ್ಯ ಕೇಂದ್ರದ ಸೂರಿನಡಿ ಸೇರಿಕೊಂಡರು. ಡೆಲಿಸಾ ಬಾಯಲ್ಲಿ ಗಟ್ಟಿ ಮಾತಾಡಿದ್ದಳು, ಈಗ ಒಂದು ನಿಮಿಷ ಎನ್ನುವುದು ಇಷ್ಟು ಉದ್ದವೇ ಎನಿಸಿತು. ತಾನು ಬರೆದ ಒಂದೊಂದು ಸಾಲೂ ಮನಸ್ಸಿನಲ್ಲಿ ಹಾದುಹೋಯಿತು: ಬಾಗಿಲು ತಟ್ಟು, ಕಾಯು, ಉತ್ತರವಿಲ್ಲ, ಓಡು. ಮಳೆಯಲ್ಲಿ ಗೋಪುರವೂ ಕೈಕೊಟ್ಟರೆ? ಜೋವಿಗೆ ಏನಾದರೂ ಆದರೆ ಅದು ತನ್ನ ಹಟದಿಂದಲೇ ಆದದ್ದು. ಅವಳು ಕಂಬದ ನೆತ್ತಿಯ ಡಬ್ಬಿಯಿಂದ ಕಣ್ಣು ಕೀಳಲಿಲ್ಲ.

ಒಳಗಿನಿಂದ ಕೊರಾಳ ದನಿ ಬಂತು. "ಹೋಯ್ತು! ಡೆಲೀ, ಹೋಯ್ತು ಕಣೇ!"

ಮತ್ತೆ ಐದು ನಿಮಿಷ. ಆಮೇಲೆ ಮಳೆಯ ಸದ್ದಿನ ನಡುವೆ ಐಸ್‌ಕ್ರೀಂ ಡಬ್ಬಿ ರಿಂಗಾಗತೊಡಗಿತು.

ಡೆಲಿಸಾ ಮಳೆಗೆ ಇಳಿದಳು. ಮೀನಿನ ಬಲೆಯ ಗಳದಿಂದ ಡಬ್ಬಿಯ ಹಗ್ಗದ ಕೊಕ್ಕೆ ಬಿಡಿಸಿ, ಕೆಳಗಿಳಿಸಿ ಮುಚ್ಚಳ ತೆಗೆಯುವಷ್ಟರಲ್ಲಿ ಪಾಸಿಂಗ್ ಅಜ್ಜಿ ತಲೆಗೆ ಬೇಸಿನ್ ಕವುಚಿಕೊಂಡು ಹಿಂದೆಯೇ ಬಂದು ಫೋನು ಕಸಿದುಕೊಂಡಳು. ಒದ್ದೆ ಕೈಯಲ್ಲಿ ಯಾವುದೋ ಗುಂಡಿ ಒತ್ತಿದ್ದಕ್ಕೆ ಡಾಕ್ಟರ ದನಿ ಇಡೀ ಅಂಗಳಕ್ಕೆ ಕೇಳಿಸಿತು.

"ಹಲೋ? ಲಿಮೊಕೊನ್? ನಿಮ್ಮ ಚಿತ್ರ ಹೋಯ್ತಲ್ಲ? ಜೋವಿಯ ಬಿ.ಪಿ. ಮೆಸೇಜು ಬಂದಿದೆ. ಮಳೆ ತುಸು ಕಮ್ಮಿ ಆದ ತಕ್ಷಣ ದೋಣಿ ಹತ್ತಿಸಿ, ಕೊರಾಗೆ ಔಷಧಿ ಯಾವುದು ಅಂತ ಹೇಳ್ತೀನಿ. ಅಂದ ಹಾಗೆ ನಿಮ್ಮ ಡಿಶ್‌ಗೆ ಏನಾಯ್ತು?"

"ಏನೂ ಆಗಿಲ್ಲ ಡಾಕ್ಟ್ರಮ್ಮಾ," ಎಂದಳು ಅಜ್ಜಿ. "ಚೆನ್ನಾಗಿ ಮುಚ್ಚಿದ್ದೀವಿ. ಒಂದು ಹನಿ ಕೂಡ ಬಿದ್ದಿಲ್ಲ."

ಸೂರಿನಡಿ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾರದೆ ಎಲ್ಲರೂ ನಕ್ಕರು, ಒಳಗೆ ಜೋವಿ ಕೂಡ. ರೋಡೆಲ್ ಸರ್ ಮಾತ್ರ ನಗಲಿಲ್ಲ. ಗೋಡೆಗೊರಗಿ ತೊಟ್ಟಿಕ್ಕುತ್ತಿದ್ದ ತಮ್ಮ ಅಂಗಿಯ ತೋಳು ಹಿಂಡಿಕೊಳ್ಳುತ್ತಿದ್ದರು.

ಸಿಗ್ನಲ್ ತಪ್ಪದಂತೆ ಕೊರಾ ಕಂಬದ ಬುಡದಲ್ಲೇ ಕುರ್ಚಿ ಹತ್ತಿ ನಿಂತು ಔಷಧಿಯ ಹೆಸರು ಬರೆದುಕೊಂಡಳು, ಒಳಗೆ ಹೋಗಿ ಸೂಜಿ ಚುಚ್ಚಿದಳು. ಡೆಲಿಸಾ ಜಗಲಿಯಲ್ಲಿ ಕೂತು ಆ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡಳು. ಎರಡು ಸಾಲುಗಳನ್ನೂ ಹೊಡೆದುಹಾಕಿ ಕೆಳಗೆ ಬರೆದಳು: ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಡಿಶ್ ಮುಚ್ಚಲಾಯಿತು, ಮುಚ್ಚಿದ್ದು ನಾನು. ಹತ್ತು ಹದಿನಾರಕ್ಕೆ ರೋಗಿಯ ವಿವರ ಮೊಬೈಲ್ ದಾರಿಯಲ್ಲಿ ಹೋಯಿತು. ಡಿಶ್‌ಗೆ ಎತ್ತರದ ಕಂಬ ಬೇಕು. ಎರಡೂ ದಾರಿ ಇರಬೇಕು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು: ಫ್ಲೋರ್ಡೆಲಿಸಾ ಬತುಯಾಂಗ್.

ರೋಡೆಲ್ ಸರ್ ನಿಂತುಕೊಂಡೇ ಓದಿದರು. "ಇದನ್ನ ಹೇಗೆ ತೋರಿಸ್ಲಿ ನಾನು?"

"ಇದ್ದ ಹಾಗೆ ತೋರ್ಸಿ."

"ನಾನು ಹೇಳಿದ್ದು ಹೇಳಿದ್ದೇ. ನಾಳೆಯಿಂದ ನೀನು ಬೇಡ."

"ಸರಿ ಸರ್. ಪಾಸ್‌ವರ್ಡು, ಕೋಡು ಎಲ್ಲಾ ಇವತ್ತೇ ಕಳಿಸ್ತೀನಿ. ಒಂದನ್ನೂ ಇಟ್ಕೊಳ್ಳಲ್ಲ." ಅವಳು ಪೆನ್ನಿನ ಮುಚ್ಚಳ ಹಾಕಿ ತಲೆ ಎತ್ತಿದಳು. "ಡಬ್ಬಿಯಲ್ಲಿರೋ ಫೋನು ಮಾತ್ರ ನಂದು. ಕಂಬ ಊರಿಂದು. ಅದನ್ನ ಇಳಿಸೋಕೆ ನಿಮ್ಮ ಕೈಲಿ ಆಗಲ್ಲ."

ಅವರು ಹಾಳೆಯನ್ನು ಹರಿಯಬಹುದಿತ್ತು. ಹರಿಯಲಿಲ್ಲ. ನಾಲ್ಕಾಗಿ ಮಡಚಿ, ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಿಯೊಳಗೆ ಇಟ್ಟುಕೊಂಡರು.

ಹನ್ನೊಂದರ ಹೊತ್ತಿಗೆ ಮಳೆ ಸಣ್ಣದಾಯಿತು, ನಿಲ್ಲಲಿಲ್ಲ. ಜೋವಿಯನ್ನು ದೋಣಿಯ ನಡುವೆ ಚಾಪೆ ಹಾಸಿ ಮಲಗಿಸಿದರು. ಕೊರಾ ಪಕ್ಕದಲ್ಲಿ ಕೂತಳು. ಅಂದು ಆಚೆ ದಡಕ್ಕೆ ಹೋಗುವ ದೋಣಿ ಅದೊಂದೇ ಆದ್ದರಿಂದ ರೋಡೆಲ್ ಸರ್ ಕೂಡ ಚೀಲ ಹಿಡಿದು ಅದನ್ನೇ ಹತ್ತಿ ಮೂತಿಯ ಹತ್ತಿರ ಕಡಲಿನ ಕಡೆ ಮುಖ ಮಾಡಿ ಕೂತರು. ಅಜ್ಜಿ ದಡದಿಂದ ಅವರ ಮಡಿಲಿಗೆ ಒಣಮೀನಿನ ಒಂದು ಪೊಟ್ಟಣ ಎಸೆದಳು. "ಹೊಟ್ಟೆ ತೊಳೆಸಿದ್ರೆ ಬಾಯಲ್ಲಿ ಇಟ್ಕೋ ತಮ್ಮಾ!" ಎಂದಳು. ಅವರು ಪೊಟ್ಟಣ ಕೆಳಗಿಡಲಿಲ್ಲ.

ಡೆಲಿಸಾ ದಡದಲ್ಲಿ ನಿಲ್ಲಲಿಲ್ಲ. ಅಂಗಳಕ್ಕೆ ಮರಳಿ, ಹಳೆಯ ಕುರ್ಚಿ ಎಳೆದು, ಕಂಬ ಹತ್ತಿದಳು. ಫೋನನ್ನು ಅಂಗಿಯಿಂದ ಒರೆಸಿ, ತಂತಿ ಚುಚ್ಚಿ ಡಬ್ಬಿಯೊಳಗಿಟ್ಟಳು. ಎರಡು ಗೆರೆ. ನೋಡುತ್ತಿದ್ದಂತೆ ಮೂರಾಯಿತು. ಮುಚ್ಚಳದ ನಾಲ್ಕೂ ಮೂಲೆ ಒತ್ತಿ ಹಗ್ಗ ಬಿಗಿದಳು.

ಆ ಎತ್ತರದಿಂದ ದೋಣಿ ಕಾಣುತ್ತಿತ್ತು. ಗಾಳಿ ತಿರುಗಿ ಮಳೆ ಮತ್ತೆ ಜೋರಾಗುತ್ತಿತ್ತು. ಕೊರಾ ಒಂದು ಟಾರ್ಪಾಲು ಬಿಚ್ಚಿ, ಜೋವಿಯ ಮೇಲೆ ಅಡ್ಡ ಹಿಡಿಯಲು ನೋಡಿ, ಒಬ್ಬಳ ಕೈಯಲ್ಲಿ ಆಗದೆ, ಮುಂದೆ ಕೂತವರ ಕಡೆ ತಿರುಗಿ ಏನೋ ಕೂಗಿದ್ದು ಕಂಡಿತು. ಏನೆಂದು ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಡೆಲಿಸಾ ಕಂಬವನ್ನು ತಬ್ಬಿಕೊಂಡು ಕಾದಳು. ಮೂತಿಯಲ್ಲಿದ್ದ ಮನುಷ್ಯ ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಎದ್ದ, ಓಲಾಡಿದ, ದೋಣಿಯ ಅಂಚು ಹಿಡಿದುಕೊಂಡು ಹಿಂದಕ್ಕೆ ಬಂದ. ಮತ್ತೆ ಬೂದು ನೀರಿನ ಮೇಲೆ ಉಳಿದದ್ದು, ಎರಡೂ ಕಡೆಯಿಂದ ಬಿಗಿಯಾಗಿ ಎಳೆದು ಹಿಡಿದ ಒಂದು ತುಂಡು ನೀಲಿ.